ಕುಣಿಯುವವರ ಬೆನ್ನು

ಪೂರ್ತಿ ಹೆಸರು ಎಮರೆನ್ಸಿಯಾ.
ಪೋಸ್ಟರಿನಲ್ಲಿ ಹಿಡಿಸಲಿಲ್ಲ, ಎಮ್ಮಿ ಆಯಿತು.
ವಿರಾಜಪೇಟೆಯ ಪ್ರೆಸ್ಸಿನವನು ಗುಡಿಸು ಮರೆತು ಎತ್ವ ಕೂರಿಸಿ
'ಈ ರಾತ್ರಿ ನಿಮ್ಮ ಮುಂದೆ ಎಮ್ಮೆ' ಎಂದು
ಗೋಣಿಕೊಪ್ಪದ ಗೋಡೆಗಳಿಗೆಲ್ಲ ಅಂಟಿಸಿದ ವರ್ಷ
ನಾನು ಆಂಪ್ಲಿಫಯರ್ ಹೊರುವ ಹುಡುಗ.
ಅವಳು ನಕ್ಕುಬಿಟ್ಟಳು:
'ಹಾಡು ಕೇಳಲಿ ಮಾರಾಯ, ಹಾಲು ಕೇಳದಿದ್ದರೆ ಸಾಕು.'

ಸಿದ್ದಾಪುರದ ಆಚೆ, ಲೈನ್‌ಮನೆಯ ಏಳನೇ ಬಾಗಿಲು.
ಪಲ್ಪರ್ ತಿರುಗುವ ಸದ್ದಿಗೇ ತೊಟ್ಟಿಲು ತೂಗಿದ್ದು.
ಅಪ್ಪ ಬಸ್ತ್ಯಾಂವ್, ಕ್ಲಬ್ಬಿನ ಡಾನ್ಸ್ ಹಾಲಿಗೆ ಮೇಣ ಹಚ್ಚುವವನು.
ತೆಂಗಿನಕಾಯಿ ಸಿಪ್ಪೆಯ ಅರ್ಧವನ್ನು ಪಾದದಡಿ ಮೆಟ್ಟಿ
ಒಂದು ಕಾಲು ನಿಂತು, ಒಂದು ಕಾಲು ಜಾರಿ,
ಬೆಳಗಿನಿಂದ ಸಂಜೆ, ಆ ಮೂಲೆಯಿಂದ ಈ ಮೂಲೆ.
ಆ ನೆಲದ ಮೇಲೆ ಮೊದಲು ಕುಣಿದವನು ಅವನೇ
ಅನ್ನುತ್ತಾಳೆ. ದೊರೆಗಳು ಆಮೇಲೆ ಬಂದರು.

ಒಂದು ಕ್ರಿಸ್‌ಮಸ್, ಮೈಸೂರಿನ ಗಾಯಕಿಯ ಕಾರು
ತಿತಿಮತಿಯ ಹತ್ತಿರ ಕೆಟ್ಟು ನಿಂತಿತು.
ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದವಳನ್ನು
'ಇವಳು ಇಗರ್ಜಿಯಲ್ಲಿ ಹಾಡುತ್ತಾಳೆ' ಎಂದು ಯಾರೋ ತಳ್ಳಿದರು.
ಒದ್ದೆ ಕೈಯಲ್ಲಿ ಮೈಕು ಹಿಡಿದು, ಶಾಕ್ ಹೊಡೆಸಿಕೊಂಡು
ಕಿರುಚಿದ ಮೊದಲ ಸ್ವರ.
ಅದನ್ನೇ ಜನ ಅವಳ ಶೈಲಿ ಅಂದುಕೊಂಡರು.
ನೂರೈವತ್ತು ರೂಪಾಯಿ, ಒಂದು ತಟ್ಟೆ ಹಂದಿಕರಿ.

ಆಮೇಲೆ ಇಪ್ಪತ್ತಾರು ಡಿಸೆಂಬರ್.
ಪೊನ್ನಂಪೇಟೆ, ಅಮ್ಮತ್ತಿ, ಮಡಿಕೇರಿಯ ಮದುವೆ ಮಂಟಪ.
ನೆಲ ನೋಡಿ ಹಾಡು ಆರಿಸುವಳು: ಕಾವಿ ನೆಲಕ್ಕೆ ನಿಧಾನ,
ಮೊಸಾಯಿಕ್ಕಿಗೆ ಚೂರು ಬಿರುಸು,
ಟಾರ್ಪಾಲಿಗೆ ಏನು ಹಾಡಿದರೂ ಒಂದೇ.
ವಾಲಗದವರು ಒಳಗೆ ಬಂದರೆ ಮಾತ್ರ
ಮೈಕ್ ಆರಿಸಿ ಕುರ್ಚಿಗೆ ಹೋಗಿಬಿಡುವಳು.
'ಅದರ ಮುಂದೆ ನಾವು ಯಾರೋ? ಅಜ್ಜಿಯಂದಿರು ಎದ್ದರು, ನೋಡು.'
ಚಪ್ಪಲಿಯೊಳಗೆ ಹೆಬ್ಬೆರಳೊಂದು ಆಡುತ್ತಿತ್ತು.

ಅವಳು ಕುಣಿದದ್ದನ್ನು ನಾನು ಅಷ್ಟೇ ನೋಡಿದ್ದು.

'ಕುಣಿಯುವವರು ಹಾಡುವವರನ್ನು ನೋಡುವುದಿಲ್ಲ ಮೊಯ್ದು,
ಪಾಸೋ ಫೇಲೋ ಅವರ ಬೆನ್ನು ಹೇಳುತ್ತೆ.
ಶರ್ಟಿನ ಮೇಲೆ ಬೆವರು ಭೂಪಟ ಬರೆಯಬೇಕು,
ಕೊಡಗಿನಷ್ಟು ಬರೆದರೆ ಸಾಲದು, ಮೈಸೂರು ಮುಟ್ಟಬೇಕು.'

ಗಂಡ ಅಂತ ಒಬ್ಬನಿದ್ದ, ಕೀಬೋರ್ಡಿನವನು.
ಮೂರು ಡಿಸೆಂಬರ್ ಇದ್ದ.
ಕೀಬೋರ್ಡು ಅವಳದ್ದು. ಅದನ್ನೂ ಒಯ್ದ.

ಮಾಲ್ದಾರೆ ದಾರಿಯಲ್ಲಿ ರಾತ್ರಿ ಎರಡೂವರೆಗೆ
ಜೀಪಿನ ಮುಂದೆ ಒಂಟಿ ಸಲಗ.
ದೀಪ ಆರಿಸಿದೆವು, ಎಂಜಿನ್ ಆರಿಸಿದೆವು,
ಡ್ರಮ್ಮಿನವನು ಉಸಿರನ್ನೂ.
ಮುರಿದ ಕೊಂಬೆಯ ಹಸಿ ವಾಸನೆ. ಕಾಲು ಗಂಟೆ
ಕಿವಿ ಬೀಸುತ್ತ ನಿಂತೇ ಇತ್ತು.
ಎಮ್ಮಿ ನನ್ನ ಕಿವಿಯಲ್ಲಿ: 'ಇಷ್ಟು ವರ್ಷಕ್ಕೆ
ನನ್ನ ಕಡೆ ಮುಖ ಮಾಡಿ ನಿಂತವನು
ಇವನೊಬ್ಬನೇ ನೋಡು.'

ರೆಸಾರ್ಟುಗಳು ಬಂದವು. ಈಜುಕೊಳದ ಪಕ್ಕ
ಲ್ಯಾಪ್‌ಟಾಪಿನ ಹುಡುಗ ವಿನಯದಿಂದಲೇ ಹೇಳಿದ:
'ಆಂಟಿ, ನೀವು ಬಾಯಿ ಆಡಿಸಿದರೆ ಸಾಕು.'
ಎರಡು ಹಾಡಿಗೆ ಆಡಿಸಿದಳು.
ಮೂರನೆಯದಕ್ಕೆ ಬಾಯಿ ಮುಚ್ಚಿ ನಿಂತಳು.
ಹಾಡು ನಡೆದೇ ಇತ್ತು, ಅವಳದೇ ಗಂಟಲು,
ಹತ್ತು ವರ್ಷ ಎಳೆಯದು.
ಯಾರೂ ತಿರುಗಿ ನೋಡಲಿಲ್ಲ.
ವೈರು ಸುತ್ತುತ್ತಿದ್ದ ನಾನೂ ತಲೆ ಎತ್ತಿದ್ದು
ಅವಳು ಗೇಟು ದಾಟಿದ ಮೇಲೆ.

ಕಳೆದ ಮಳೆಗಾಲ ಕ್ಲಬ್ಬಿನ ನೆಲಕ್ಕೆ ಗೆದ್ದಲು ಹಿಡಿಯಿತು.
ಹಲಗೆ ಕಿತ್ತು ಟೈಲ್ಸ್ ಹಾಕಿದರು.
ಸೌದೆಗೆ ಹೊರಟ ರಾಶಿಯಿಂದ ಮೂರಡಿ ಹಲಗೆ
ಕೇಳಿ ತಂದು, ನೆಲ್ಯಹುದಿಕೇರಿಯ ಬಾಡಿಗೆ ಮನೆಯ
ಹೊಸ್ತಿಲಾಚೆ ಹಾಕಿದ್ದಾಳೆ. ಕಾಲೊರೆಸಲು.

ಮೊನ್ನೆ ಹೋದಾಗ ಚಪ್ಪಲಿ ಬಿಟ್ಟು
ಅದನ್ನು ದಾಟಿ ಒಳಗೆ ಕಾಲಿಡಲು ನೋಡಿದೆ.
'ತುಳಿಯೋ, ತುಳಿ!' ಒಲೆಯ ಮುಂದಿನಿಂದ ಬೈದಳು,
ಗಂಟಲು ಈಗ ಮರಳು ಜರಡಿ ಹಿಡಿದ ಹಾಗೆ,
'ಇರುವುದೇ ಅದಕ್ಕೆ.
ಎಡತುದಿಗೆ ಮಾತ್ರ ಮೆಟ್ಟಬೇಡ,
ಅಲ್ಲಿ ಶ್ರುತಿ ಸರಿಯಿಲ್ಲ.'